ರೋಣಕ್ಕೆ ಬರೋಣ: ಮಕ್ಕಳ ಪದ್ಯದಲ್ಲಿ ಶ್ಲೇಷೆಯ ವಿನೋದ

‘ಬರೋಣ’ ಎಂಬ ಮಾತಿನಲ್ಲಿ ಒಂದು ಊರು ಅಡಗಿದೆ. ‘ಇರೋಣ’, ‘ತರೋಣ’, ‘ಸೇರೋಣ’ಗಳಲ್ಲಿಯೂ ಅದೇ ಊರು. ಗದಗ ಜಿಲ್ಲೆಯ ರೋಣದ ಶಾಲೆಯಲ್ಲಿ ಕುಳಿತ ಬಾಲಕನಿಗೆ ಇದನ್ನು ಒಮ್ಮೆ ತೋರಿಸಿದರೆ ಸಾಕು. ಅಂದಿನಿಂದ ಅವನು ಕೇಳಿದ ಮಾತನ್ನೆಲ್ಲ ಒಡೆದೊಡೆದು ನೋಡತೊಡಗುವನು. ಅಲಂಕಾರಶಾಸ್ತ್ರವು ಸಭಂಗಶ್ಲೇಷವೆಂದು ಗಂಭೀರವಾಗಿ ಕರೆದುದು ಇದನ್ನೇ. ಪದವನ್ನು ಮುರಿಯದೆ ಎರಡರ್ಥ ಹೊರಟರೆ ಅದು ಅಭಂಗ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಶ್ಲೇಷವನ್ನು ಅಲಂಕಾರಗಳ ಸಾಲಿನಲ್ಲಿ ಎಣಿಸಿದೆ. ತಿರುಳ್ಗನ್ನಡದ ಸೀಮೆಯೆಂದು ಅದು ಹೆಸರಿಸಿದ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನೆಲದಲ್ಲಿಯೇ ರೋಣ, ನರಗುಂದಗಳಿರುವುದು ಅರ್ಥಪೂರ್ಣವಾಗಿದೆ.

ನರಗುಂದದ ಕಡೆಗೆ ಹೊರಳಿದರೆ ಶ್ಲೇಷೆ ಹೊಲದಲ್ಲಿಯೇ ಬೆಳೆದು ನಿಂತಿದೆ. ಹತ್ತಿ ಅಲ್ಲಿಯ ಕಪ್ಪು ನೆಲದ ಹಳೆಯ ಬೆಳೆ. ಬಂಡಿಯಲ್ಲಿ ಹೇರಿದ್ದು ಹತ್ತಿ, ಹುಡುಗ ಕುಳಿತದ್ದು ಬಂಡಿಯನ್ನು ಹತ್ತಿ, ಅಂಡಿಗೆಗಳನ್ನು ಎಣಿಸಿದರೆ ಹತ್ತು. ಅಷ್ಟರಲ್ಲಿ ಮಳೆ ಸುರಿಯಹತ್ತಿತು. ಅಂಗಿಗೆ ಕೆಸರು ಹತ್ತಿತು. ಆ ಕೆಸರೂ ಎರೆಮಣ್ಣಿನದು, ಮನೆಯಲ್ಲಿ ತಾಯಿ ತಲೆಗೆ ಎರೆಯುವುದು ನೀರು! ಕವಿಗೆ ಉಳಿಯುವ ಕೆಲಸ ಇವನ್ನು ತಾಳಕ್ಕೆ ಕೂಡಿಸುವುದಷ್ಟೆ.

ಗಜೇಂದ್ರಗಡ ನೇಕಾರರ ಊರು. ಹೆಸರಿನಲ್ಲಿ ಆನೆ, ಕೈಯಲ್ಲಿ ಅಳತೆಗೋಲು. ಇಂಥಲ್ಲಿ ಪದ್ಯವೊಂದು ಹೀಗೆ ಹುಟ್ಟಬಹುದು:

ಗಜದ ಊರಿಗೆ ಬಂದ ಪುಟ್ಟ
ಗಜವು ಎಲ್ಲಿದೆ ಎಂದುಬಿಟ್ಟ;
ನೇಯ್ವ ಅಜ್ಜನು ನಕ್ಕು ಎದ್ದು
ಅಳೆವ ಕೋಲನು ತಂದುಕೊಟ್ಟ.

ಒಂದು ತಲೆಮಾರಿನ ಹಿಂದಿನ ಮಗು ಇದಕ್ಕೆ ತಟ್ಟನೆ ನಗುತ್ತಿತ್ತು. ಇಂದಿನ ಮಗು ನಕ್ಕೀತೇ? 1956ರ ತೂಕ-ಅಳತೆಗಳ ಕಾಯಿದೆಯ ತರುವಾಯ ಬಟ್ಟೆಯಂಗಡಿಯಲ್ಲಿ ಗಜದ ಸ್ಥಾನವನ್ನು ಮೀಟರು ಪಡೆಯಿತು. ಒಂದು ಗಜವೆಂದರೆ ಮೂರು ಅಡಿ ಎಂದು ಅಡಿಟಿಪ್ಪಣಿ ಬರೆದೊಡನೆ ಹಾಸ್ಯ ಪ್ರಾಣ ಬಿಡುತ್ತದೆ. ಶ್ಲೇಷೆಗೆ ಎರಡು ಅರ್ಥಗಳೂ ಮೊದಲೇ ಮಗುವಿನ ಮನೆಯಲ್ಲಿ ವಾಸವಾಗಿರಬೇಕು. ಒಂದು ಮನೆ ಬಿಟ್ಟರೆ ಆಟ ಮುಗಿದಂತೆಯೇ.

ಇನ್ನೊಂದು ತೊಡಕೂ ಉಂಟು. ಈ ಸೀಮೆಯ ಮಗು ಮನೆಯಲ್ಲಿ ‘ಬರೋಣ’ ಎನ್ನುವುದಿಲ್ಲ, ‘ಬರೂಣು’ ಎನ್ನುತ್ತದೆ. ಆಗ ರೋಣ ಮಾಯವಾಗುತ್ತದೆ! ಪುಸ್ತಕದ ಕನ್ನಡಕ್ಕೆ ಒದಗುವ ಶ್ಲೇಷೆ ಬೇರೆ, ಅಂಗಳದ ಕನ್ನಡಕ್ಕೆ ಒದಗುವುದು ಬೇರೆ. ಧಾರವಾಡದ ಬೇಂದ್ರೆಯವರು ಆಡುನುಡಿಯಿಂದಲೇ ಶಬ್ದದ ಚಮತ್ಕಾರವನ್ನು ಹೊಮ್ಮಿಸಿದರು. ಮಕ್ಕಳಿಗಾಗಿ ಬರೆಯುವವರು ಆ ದಾರಿಯನ್ನು ಇನ್ನಷ್ಟು ತುಳಿಯಬೇಕಾಗಿತ್ತು. ಪಠ್ಯಕ್ಕೆ ಗ್ರಾಂಥಿಕ ನುಡಿಯೊಂದೇ ಯೋಗ್ಯವೆಂಬ ಭಾವನೆಯಿಂದ ಎಷ್ಟೋ ನಗೆ ಶಾಲೆಯ ಹೊರಗೇ ಉಳಿದಿದೆ.

ಹೊರಗೆ ಅದಕ್ಕೆ ಬರವಿಲ್ಲ. ಮದುವೆಯ ಮನೆಯಲ್ಲಿ ಗಂಡನ ಹೆಸರನ್ನು ಪ್ರಾಸದಲ್ಲಿ ಹುದುಗಿಸಿ ಒಡಪು ಹೇಳುವ ಮದುಮಗಳ ಸುತ್ತ ಮಕ್ಕಳೇ ಮೊದಲು ನೆರೆಯುತ್ತಾರೆ. ಆಕೆ ಹೆಸರಿನ ಹತ್ತಿರ ಬಂದು ಅರೆಗಳಿಗೆ ತಡೆಯುತ್ತಾಳೆ. ಆ ತಡೆಯಲ್ಲಿಯೇ ಅರ್ಧ ಸ್ವಾರಸ್ಯ. ತರಗತಿಯಲ್ಲಿ ‘ಗಜ’ದ ಪದ್ಯವನ್ನು ಓದುವ ಗುರುಗಳೂ ಮೂರನೆಯ ಸಾಲಿನ ಕೊನೆಗೆ ಅಷ್ಟೇ ಹೊತ್ತು ತಡೆದು, ಅಜ್ಜ ಏನು ತಂದನೆಂದು ಮಕ್ಕಳನ್ನೇ ಕೇಳಬಹುದು.