ಉರಿಯೂತದಲ್ಲಿ ಗ್ಲಿಯಾ ಕೋಶಗಳ ಮಾತುಕತೆ

ಪ್ರಶ್ನೆ: ಮಿದುಳಿನಲ್ಲಿ ಉರಿಯೂತವಾದಾಗ, ನರಕೋಶಗಳಿಗೆ ನೆರವಾಗುವ ಗ್ಲಿಯಾ ಕೋಶಗಳ ನಡುವಿನ ಸಂಪರ್ಕವೂ ಕೆಡುತ್ತದೆಯೇ?

ಉತ್ತರ: ಕೆಡುತ್ತದೆ. ಆದರೆ ಪೂರ್ತಿ ಕಡಿದುಹೋಗುವುದಿಲ್ಲ, ದಾರಿ ಬದಲಾಗುತ್ತದೆ.

ಆಸ್ಟ್ರೋಸೈಟ್ ಎಂಬ ನಕ್ಷತ್ರಾಕಾರದ ಗ್ಲಿಯಾ ಕೋಶಗಳು, ಅಕ್ಕಪಕ್ಕದ ಮನೆಗಳ ಗೋಡೆಯಲ್ಲಿ ಕಿಂಡಿ ಇದ್ದಂತೆ, ಕನೆಕ್ಸಿನ್-43 ಮುಂತಾದ ಪ್ರೋಟೀನುಗಳ ಕಿರುನಾಳಗಳಿಂದ ಬೆಸೆದುಕೊಂಡಿರುತ್ತವೆ. ಪೊಟ್ಯಾಸಿಯಂ, ಗ್ಲೂಕೋಸ್, ಸಂಕೇತದ ಅಣುಗಳು ಇವುಗಳ ಮೂಲಕ ಕೋಶದಿಂದ ಕೋಶಕ್ಕೆ ಹರಿಯುತ್ತವೆ.

ಸೋಂಕೋ ಪೆಟ್ಟೋ ಆದಾಗ ಮೊದಲು ಎಚ್ಚರಗೊಳ್ಳುವುದು ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ. ಅವು ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-1 ಬೀಟಾ ಎಂಬ ರಾಸಾಯನಿಕಗಳನ್ನು ಸುರಿಸುತ್ತವೆ. ಪ್ರಯೋಗಾಲಯದಲ್ಲಿ ಬೆಳೆಸಿದ ಆಸ್ಟ್ರೋಸೈಟ್‌ಗಳ ಮೇಲೆ ಇವೆರಡನ್ನೂ ಪ್ರಯೋಗಿಸಿದಾಗ ಕೋಶಗಳ ನಡುವಿನ ನಾಳಗಳು ಬಹುಮಟ್ಟಿಗೆ ಮುಚ್ಚಿಕೊಂಡವು. ಹೊರಗಿನ ದ್ರವಕ್ಕೆ ತೆರೆಯುವ ಅರ್ಧನಾಳಗಳು ಮಾತ್ರ ಹೆಚ್ಚು ತೆರೆದವು. ನನಗೆ ಈ ವಿಷಯದಲ್ಲಿ ಅತ್ಯಂತ ಮುಖ್ಯವೆನಿಸುವುದು ಇದೇ. ಏಕೆಂದರೆ ಅರ್ಧನಾಳಗಳಿಂದ ಕೋಶದ ಶಕ್ತಿಯ ಅಣುವಾದ ಎಟಿಪಿ ಮತ್ತು ನರಕೋಶಗಳ ಸಂದೇಶವಾಹಕವಾದ ಗ್ಲುಟಮೇಟ್ ಹೊರಗೆ ಸೋರಬಲ್ಲವು. ಎಟಿಪಿ ಮೈಕ್ರೋಗ್ಲಿಯಾಗಳಿಗೆ ಅಪಾಯದ ಸೂಚನೆ. ಅವು ಇನ್ನಷ್ಟು ಕೆರಳುತ್ತವೆ. ಗ್ಲುಟಮೇಟ್ ಅತಿಯಾದರೆ ನರಕೋಶಗಳೇ ಸಾಯುತ್ತವೆ.

2017ರಲ್ಲಿ ಸ್ಟ್ಯಾನ್‌ಫರ್ಡ್‌ನ ಬೆನ್ ಬ್ಯಾರೆಸ್ ತಂಡ, ಕೆರಳಿದ ಮೈಕ್ರೋಗ್ಲಿಯಾದ ಸಂದೇಶಗಳು ಆಸ್ಟ್ರೋಸೈಟ್‌ಗಳನ್ನು ನರಕೋಶಗಳಿಗೇ ಮಾರಕವಾಗಿಸಬಲ್ಲವು ಎಂದು ತೋರಿಸಿತು.

ಹಾಗೆಂದು ಉರಿಯೂತವೆಲ್ಲ ಕೇಡಲ್ಲ. ಅಲ್ಪಕಾಲದ್ದು ಸೋಂಕನ್ನು ತಡೆದು ಗಾಯ ಮಾಯಲು ನೆರವಾಗುತ್ತದೆ. ಹಾನಿ ಹೆಚ್ಚುವುದು ಅದು ಆರದೆ ಉಳಿದಾಗ. ಇಲ್ಲಿ ಹೇಳಿದ್ದರಲ್ಲಿ ಬಹುಪಾಲು ತಿಳಿದದ್ದು ಇಲಿಗಳಿಂದ ಮತ್ತು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಿಂದ.