ಅಡಿಕೆ ಮರವೂ ಐದೂವರೆ ಅಡಿಯ ಮನುಷ್ಯನೂ

ಮೇಲ್ಕಾರಿನಿಂದ ಸಜಿಪಮೂಡದ ಕಡೆ ತಿರುಗಿದರೆ ಅಡಿಕೆ ತೋಟಗಳದ್ದೇ ಸಾಲು. ಹಳೆಯ ತೋಟವೊಂದರೊಳಗೆ ನಿಂತು ಕತ್ತೆತ್ತಿದರೆ ಗೊನೆ ಕಾಣುವುದು ನಲವತ್ತು-ಐವತ್ತು ಅಡಿ ಮೇಲೆ. ಕೆಳಗೆ ನಿಂತವನ ಎತ್ತರ ಐದೂವರೆ ಅಡಿ. ಈ ಲೆಕ್ಕ ಸರಿದೂಗಿಸಲು ಬಂಟ್ವಾಳ ತಾಲೂಕಿನಲ್ಲಿ ಏನೇನು ನಡೆದಿದೆ ಎಂದು ನೋಡುವುದಕ್ಕೇ ಈ ಕಡೆ ಬಂದದ್ದು.

ಮೊದಲನೆಯದು ತಳೆ. ಹಗ್ಗದ ಒಂದು ಬಳೆ, ಅಷ್ಟೇ. ಎರಡೂ ಪಾದ ತೂರಿಸಿದರೆ ಅಂಗಾಲುಗಳು ಕಾಂಡವನ್ನು ಎರಡು ಕಡೆಯಿಂದ ಅವುಚಿಕೊಳ್ಳುತ್ತವೆ. ಸಡಿಲವಾದರೆ ಕಾಲು ಜಾರುತ್ತದೆ, ಬಿಗಿಯಾದರೆ ಮಂಡಿ ಮೇಲೇಳುವುದಿಲ್ಲ. "ಇನ್ನೊಬ್ಬರ ತಳೆ ನಮಗೆ ಆಗುವುದಿಲ್ಲ ಮಾರಾಯ್ರೆ" ಎಂದರು ಹತ್ತುವವರು. ಅವರ ತಲೆಯ ಮುಟ್ಟಾಳೆಯೂ ಹಾಗೆಯೇ, ಅಡಿಕೆ ಹಾಳೆಯನ್ನು ಅವರ ತಲೆಗೆಂದೇ ಮಡಚಿ ಹೊಲಿದದ್ದು. ಸಲಕರಣೆ ಮೈಗೆ ಒಪ್ಪಿತ್ತು, ನಿಜ. ಆದರೆ ಮೈ ಮರಕ್ಕೆ ಒಪ್ಪಬೇಕಲ್ಲ! ಎದೆ, ಮೊಣಕೈ, ಅಂಗಾಲು ದಡ್ಡುಗಟ್ಟುವವರೆಗೂ ಉಜ್ಜಬೇಕು. ಮುಂದಿನ ತಲೆಮಾರು ಬೇರೆ ಕೆಲಸ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ.

ಇದೇ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು 2014ರಲ್ಲಿ ಮರ ಹತ್ತುವ ಯಂತ್ರದ ಬೆನ್ನು ಬಿದ್ದದ್ದು ಹತ್ತುವವರು ಸಿಗದೆ. ಅವರ ಮಗಳು ಅದರ ಮೇಲೆ ಕೂತು ಸರ್ರನೆ ಮೇಲೇರುವ ವಿಡಿಯೊ 2019ರಲ್ಲಿ ದೇಶವೆಲ್ಲ ಸುತ್ತಿತು. ಸೀಟು, ಬೆಲ್ಟು, ಹ್ಯಾಂಡಲ್, ಬ್ರೇಕು, ಪುಟ್ಟದೊಂದು ಟೂ-ಸ್ಟ್ರೋಕ್ ಎಂಜಿನ್. ಸ್ಕೂಟರಿನ ಮುಂಭಾಗವನ್ನೇ ಕಾಂಡಕ್ಕೆ ಸಿಕ್ಕಿಸಿದಂತಿದೆ. ಚಕ್ರಗಳು ಮರವನ್ನು ಹಿಂದು-ಮುಂದಿನಿಂದ ಕಚ್ಚುತ್ತವೆ, ಕೂತವರ ಭಾರ ಆ ಹಿಡಿತವನ್ನು ಬಿಗಿ ಮಾಡುತ್ತದೆ. ಅಂದರೆ ಸವಾರನ ತೂಕವೂ ಯಂತ್ರದ ಒಂದು ಬಿಡಿಭಾಗ. ಮಿತಿ 80 ಕಿಲೊ. ಅದನ್ನು ಮೀರಿದವರು ಕೆಳಗೇ ನಿಂತು ಅಡಿಕೆ ಹೆಕ್ಕಬೇಕು. ಎತ್ತರಕ್ಕೆ ಹೆದರುವ ನನ್ನಂಥವರಿಗೆ ಇದೊಂದು ಒಳ್ಳೆಯ ನೆಪ.

ಈಚೆಗೆ ಬಂದ ಕಾರ್ಬನ್ ಫೈಬರ್ ದೋಟಿಗೆ ಮರ ಹತ್ತುವ ಗೊಡವೆಯೇ ಇಲ್ಲ. ಅಲ್ಯೂಮಿನಿಯಂಗಿಂತ ಹಗುರ, ನೆಲದಲ್ಲಿ ನಿಂತೇ ಗೊನೆ ಎಳೆಯಬಹುದು, ಕೊಳೆರೋಗದ ಮದ್ದೂ ಬಿಡಬಹುದು. ಕಾಲಿನ ಕಷ್ಟ ಕುತ್ತಿಗೆಗೆ ವರ್ಗವಾಯಿತು, ಅಷ್ಟೆ. ದಿನವಿಡೀ ಮೇಲೆ ನೋಡಿಕೊಂಡು ನಿಂತರೆ ಹೆಗಲೂ ಹಿಡಿದುಕೊಳ್ಳುತ್ತದೆ. ಉದ್ದ ಹೆಚ್ಚಿದಷ್ಟೂ ಬುಡದ ಕೊಳವೆ ದಪ್ಪ. ಸಣ್ಣ ಅಂಗೈಯವರಿಗೆ, ಮುಖ್ಯವಾಗಿ ಹೆಂಗಸರಿಗೆ, ಸರಿಯಾದ ಹಿಡಿ ಸಿಗುವುದಿಲ್ಲ. ಮಾಡಿದವರು ಯಾರ ಕೈಯನ್ನು ಅಳೆದರೋ!

ವಿಟ್ಲದಲ್ಲಿ ಇನ್ನೊಂದು ದಾರಿ ಹಿಡಿದಿದ್ದಾರೆ. 1956ರಲ್ಲಿ ಅಡಿಕೆ ಸಂಶೋಧನಾ ಕೇಂದ್ರವಾಗಿ ಶುರುವಾಗಿ, ಈಗ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಪ್ರಾದೇಶಿಕ ಕೇಂದ್ರವಾಗಿರುವ ಇಲ್ಲಿ ಮರವನ್ನೇ ಮೋಟು ಮಾಡಿದ್ದಾರೆ. ಹಿರೇಹಳ್ಳಿಯ ಗಿಡ್ಡ ತಳಿಯನ್ನು ಸುಮಂಗಳ, ಮೋಹಿತ್‌ನಗರ ತಳಿಗಳ ಜೊತೆ ಕೂಡಿಸಿ ಪಡೆದ ಮಿಶ್ರತಳಿಗಳಿವು. ಗಂಟುಗಳು ಒತ್ತೊತ್ತಾಗಿರುವ ಕುಳ್ಳ ಕಾಂಡ. ಕೊಯ್ಯಲೂ ಸುಲಭ, ಮದ್ದು ಬಿಡಲೂ ಸುಲಭ. ಅಳತೆಗೆ ತಕ್ಕಂತೆ ಮಾಡುವುದೆಂದರೆ ಇದೇ ಎನ್ನಿಸಿತು.

ಹಾಗೆಂದು ಫಲ ಕೊಡುತ್ತಿರುವ ಮರವನ್ನು ಕಡಿದು ಗಿಡ್ಡ ಸಸಿ ನೆಡುವ ಧೈರ್ಯ ಯಾರಿಗಿದೆ? ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳೆ ತೋಟಗಳಿಗೆ ಈ ಮಳೆಗೆ ಮುಂಚೆಯೂ ಕೊಳೆರೋಗದ ಮದ್ದು ಬಿಡಲೇಬೇಕು. ತಳೆಯೋ ಯಂತ್ರವೋ ದೋಟಿಯೋ, ಕೆಲಸಕ್ಕೆ ಬಂದವರ ಮೈಕಟ್ಟು ನೋಡಿ ತೀರ್ಮಾನವಾಗುತ್ತದೆ.