ಕಡೆಯ ಬೆಂಚಿನ ಕಣ್ಣು

ವಿಜಯನಗರದ ಪ್ರೌಢಶಾಲೆಯೊಂದರಲ್ಲಿ, ಕಡೆಯ ಬೆಂಚಿನ ಹುಡುಗನೊಬ್ಬನು ಕರಿಹಲಗೆಯ ಲೆಕ್ಕವನ್ನು ಪಕ್ಕದವನ ಪುಸ್ತಕದಿಂದ ಬರೆದುಕೊಳ್ಳುತ್ತಿದ್ದುದನ್ನು ಕಂಡೆವು. ಅವನು ದಡ್ಡನೆಂದು ಎಲ್ಲರೂ ತೀರ್ಮಾನಿಸಿದ್ದರು. ಮೊದಲ ನೋಟಕ್ಕೆ ನಾವೂ ಹಾಗೆಯೇ ತಿಳಿದೆವೆಂದು ಒಪ್ಪಿಕೊಳ್ಳಬೇಕು. ಪರೀಕ್ಷಿಸಿದಾಗ ಅವನ ದೃಷ್ಟಿ 6/60 ಎಂದು ತಿಳಿಯಿತು. ಎಂದರೆ ಇತರರು 60 ಮೀಟರ್ ದೂರದಿಂದ ಓದುವುದನ್ನು ಅವನು 6 ಮೀಟರಿಗೆ ಬಂದು ಓದಬೇಕು.

ಇದು ಸಮೀಪದೃಷ್ಟಿ. ಇಂಥವರ ಕಣ್ಣುಗುಡ್ಡೆ ಸಾಮಾನ್ಯವಾಗಿ ತುಸು ನೀಳವಾಗಿರುವುದರಿಂದ, ದೂರದ ವಸ್ತುವಿನ ಬಿಂಬವು ಅಕ್ಷಿಪಟವನ್ನು ಮುಟ್ಟುವ ಮೊದಲೇ ಮೂಡಿಬಿಡುತ್ತದೆ. ಹಲಗೆಯ ಮೇಲಿನ 5 ಸೆಂಟಿಮೀಟರ್ ಎತ್ತರದ ಅಕ್ಷರವನ್ನು ಸರಿಯಾದ ಕಣ್ಣು ಸುಮಾರು 34 ಮೀಟರಿನಿಂದ ಗುರುತಿಸಬಲ್ಲುದು. ಈ ಹುಡುಗನಿಗೆ 3.4 ಮೀಟರೇ ಎಲ್ಲೆ. ನಮ್ಮ ಒತ್ತಕ್ಷರಗಳ ಪಾಡನ್ನಂತೂ ಕೇಳುವುದೇ ಬೇಡ! ಮೆಲ್ಲಮೆಲ್ಲನೆ ಮಸುಕಾದ ಲೋಕವನ್ನೇ ಸಹಜವೆಂದು ನಂಬಿದವನು ದೂರು ಹೇಳುವುದೂ ಇಲ್ಲ.

ಮುಂದಿನ ಬೆಂಚಿಗೆ ಕರೆತರುವುದು ಆ ಹೊತ್ತಿನ ಉಪಾಯ. ಬೆಳಕನ್ನು ತಕ್ಕಷ್ಟು ಹರಡಿಸುವ ನಿಮ್ನ ಮಸೂರವೇ ಪರಿಹಾರ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳ ದೃಷ್ಟಿಪರೀಕ್ಷೆಯೂ ಸೇರಿದೆ. ಆದರೆ ಆ ದಿನ ಗೈರುಹಾಜರಾದವನ ಗತಿಯೇನು? ನಿಮ್ಮ ಪಕ್ಕದವರು ಕಣ್ಣು ಕಿರಿದುಮಾಡಿ ಹಲಗೆಯನ್ನು ನೋಡುತ್ತಿದ್ದರೆ ಉಪಾಧ್ಯಾಯರಿಗೆ ತಿಳಿಸಿರಿ.

ಕನ್ನಡಕ ಬಂದ ಮೇಲೆ ಆ ಹುಡುಗನು ಮತ್ತೆ ಕಡೆಯ ಬೆಂಚಿಗೇ ಹೋಗಿ ಕುಳಿತನು.